ನಾನು ನರಳಿದ ಗುರುವಾರಗಳು

ನಾನು ಹನ್ನೊಂದು ವರ್ಷಗಳಿಂದ ನರಳುತ್ತಿದ್ದೇನೆ ಎಂಬ ವಿಷಯ ನನಗೆ ತಿಳಿದದ್ದು ಒಂದು ಜಾಹೀರಾತಿನಿಂದ. ಅಲ್ಲಿಯವರೆಗೆ ನಾನು ಆರಾಮವಾಗಿಯೇ ಇದ್ದೆ. ಮಂಡಿನೋವು ಬಿಟ್ಟರೆ ಹೇಳಿಕೊಳ್ಳುವಂಥ ದೂರೇನೂ ಇರಲಿಲ್ಲ, ಮಂಡಿನೋವಿಗಾಗಿ ಯಾರ ಮೇಲಾದರೂ ದಾವೆ ಹೂಡಬಹುದೆಂದು ಹೊಳೆದಿರಲೂ ಇಲ್ಲ.

ಅಂದು ಫೋನಿನಲ್ಲಿ ಫುಟ್‌ಬಾಲ್ ಸ್ಕೋರು ನೋಡುತ್ತ ಕೂತಿದ್ದೆ. ನಡುವೆ ಸೂಟು ಹಾಕಿದವನೊಬ್ಬ ಪ್ರತ್ಯಕ್ಷನಾಗಿ, ನನ್ನನ್ನೇ ನೆಟ್ಟಗೆ ನೋಡುತ್ತ ಕೇಳಿದ: ನಿಮ್ಮ ಬಳಿ ಡೀಸೆಲ್ ಗಾಡಿ ಇದೆಯೇ? ಕಾರು ಕಂಪನಿಯಿಂದ ನಿಮಗೆ ಮೋಸ ಆಗಿರಬಹುದು. ಪರಿಹಾರ ನಿಮ್ಮ ಹಕ್ಕು. ನಿಮ್ಮ ಕೈಯಿಂದ ಒಂದು ಡಾಲರ್ ಕೂಡ ಖರ್ಚಿಲ್ಲ. ಅವನ ಹಿಂದೆ ಸಮುದ್ರ ತೀರದಲ್ಲಿ ಒಂದು ಸಂಸಾರ ಹಲ್ಲು ಕಿರಿಯುತ್ತ ಓಡಾಡುತ್ತಿತ್ತು. ಮೋಸ ಹೋದವರು ಅಷ್ಟು ಖುಷಿಯಾಗಿರುವುದನ್ನು ನಾನು ನೋಡಿದ್ದು ಅದೇ ಮೊದಲು.

"ವೆರ್ನಾ, ನಮಗೆ ಮೋಸ ಆಗಿದೆಯಂತೆ," ಎಂದೆ ಹೆಂಡತಿಗೆ.

ವೆರ್ನಾ ಬಟಾಣಿ ಸುಲಿಯುತ್ತಿದ್ದಳು. "ಯಾರು ಹೇಳಿದ್ದು?"

"ಲಾಯರು. ಮೆಲ್ಬರ್ನ್‌ನೋರು. ಫೋನಲ್ಲಿ ಬಂದಿದ್ರು."

"ಅವರಿಗೆ ನಿನ್ನ ಪರಿಚಯ ಇದೆಯಾ?"

"ಇಲ್ಲ."

"ನಿನ್ನ ಗಾಡಿ ನೋಡಿದ್ದಾರಾ?"

"ಇಲ್ಲ."

"ನಲವತ್ತು ವರ್ಷದಿಂದ ಜೊತೇಲಿರೋ ನಂಗೇ ಗೊತ್ತಾಗದೇ ಇರೋ ಮೋಸ ಅವರಿಗೆ ಅಲ್ಲಿಂದ ಹೆಂಗೆ ಕಾಣಿಸ್ತು?"

ವೆರ್ನಾಳ ದೋಷವೆಂದರೆ ಇದೇ. ದೇಶದ ದೊಡ್ಡ ದೊಡ್ಡ ವಿಚಾರಗಳನ್ನು ಅವಳು ಬಟಾಣಿ ಸುಲಿದ ಹಾಗೆ ಸುಲಿದು ಬಟ್ಟಲಿಗೆ ಹಾಕಿಬಿಡುತ್ತಾಳೆ. ನಾನು ಎದ್ದು ವರಾಂಡಕ್ಕೆ ಹೋಗಿ ಆ ಜಾಹೀರಾತಿನ ಮೇಲೆ ಬೆರಳೊತ್ತಿದೆ.

ನಮ್ಮ ಟರಾನುಕ್ ಗೋಧಿ ಸೀಮೆಯ ಒಂದು ಚಿಕ್ಕ ಊರು. ಒಂದು ಕಣಜ, ಒಂದು ಪಬ್ಬು, ಹುಲ್ಲಿನ ಮೇಲೆ ಚೆಂಡು ಉರುಳಿಸುವ ಒಂದು ಬೌಲ್ಸ್ ಕ್ಲಬ್ಬು, ಒಬ್ಬನೇ ಮೆಕ್ಯಾನಿಕ್ಕು. ನಾನು ಇಪ್ಪತ್ತಾರು ವರ್ಷ ಇಲ್ಲಿಯ ಶಾಲೆಯ ಬಸ್ಸು ಓಡಿಸಿದವನು. ಎರಡು ಹೊಲದಾಚೆ ಕಾಂಗರೂ ಕಂಡರೂ ಬ್ರೇಕ್ ಒತ್ತುತ್ತಿದ್ದೆನೆಂದು ಲಿಂಡ್ಸೆ ನಾಸ್ಕೆ ಎಂಬ ನನ್ನ ಹೆಸರು ಹೋಗಿ 'ಬ್ರೇಕು' ಎಂಬುದು ನಿಂತಿತು. ನಿವೃತ್ತಿಯ ಮುಂಚೆ ಒಂದು ಬಿಳಿ ಯೂಟ್ ಕೊಂಡೆ, ಹಿಂದೆ ತೆರೆದ ತೊಟ್ಟಿಯಿರುವ ಡೀಸೆಲ್ ಗಾಡಿ. ಒಳ್ಳೆಯ ಗಾಡಿಯೇ. ಒಂದೇ ಕಾಯಿಲೆ: ಊರೊಳಗೆ ನಿಧಾನ ಓಡಿಸಿದರೆ ಹೊಗೆ ಸೋಸುವ ಡಬ್ಬಿಯಲ್ಲಿ ಮಸಿ ಕಟ್ಟಿಕೊಂಡು ಕೆಂಪು ದೀಪ ಹತ್ತುತ್ತಿತ್ತು, ಹಿಂದೆ ಕಪ್ಪು ಹೊಗೆ ಬರುತ್ತಿತ್ತು.

ಇದಕ್ಕೆ ಮದ್ದು ಹೇಳಿದವನು ಆಲ್ವಿನ್ ಟ್ರೆವಿನ್, ಆ ಒಬ್ಬನೇ ಮೆಕ್ಯಾನಿಕ್ಕು. "ಹೆದ್ದಾರೀಲಿ ಒಂದು ಗಂಟೆ ನೂರರ ಮೇಲೆ ಓಡ್ಸು. ಮಸಿ ತಾನೇ ಸುಟ್ಟು ಹೋಗತ್ತೆ," ಎಂದ. "ನೀನೊಬ್ನೇ ಹೋದ್ರೆ ನಲವತ್ತರಲ್ಲಿ ಓಡಿಸ್ತೀಯ. ನಾನೂ ಬರ್ತೀನಿ ನಡಿ."

ಹೀಗೆ ಎರಡು ವಾರಕ್ಕೊಂದು ಗುರುವಾರ ನಾವಿಬ್ಬರೂ ಹಾರ್ಷಮ್ ಪಟ್ಟಣಕ್ಕೆ ಹೋಗಿ ಬರುವುದು ಶುರುವಾಯಿತು. ಹೋಗಲು ಒಂದು ಗಂಟೆ, ಬರಲು ಒಂದು ಗಂಟೆ. ನಡುವೆ ಬೇಕರಿಯಲ್ಲಿ ಒಂದೊಂದು ಮಾಂಸದ ಪೈ. ಆಲ್ವಿನ್ ಪಕ್ಕದ ಸೀಟಿನಲ್ಲಿ ಕೂತು ತಲೆ ವಾಲಿಸಿ ಎಂಜಿನ್ನಿನ ಸದ್ದು ಕೇಳುತ್ತಿದ್ದ. ನಡುನಡುವೆ ನನ್ನ ಓಡಿಸುವಿಕೆಯನ್ನು ಬೈಯುತ್ತಿದ್ದ. ನಾನು ಅವನ ಗೊರಕೆಯನ್ನೂ ಸಾಕ್ಸನ್ನೂ ಬೈಯುತ್ತಿದ್ದೆ.

ಇಲ್ಲಿ ನಮ್ಮ ಸೀಮೆಯ ರೀತಿಯನ್ನು ಸ್ವಲ್ಪ ಹೇಳಬೇಕು. ನಮ್ಮಲ್ಲಿ ಗಂಡಸರು ಒಬ್ಬರಿಗೊಬ್ಬರು ಬೇಕಾದವರಾಗಿದ್ದರೆ ಬೈದುಕೊಳ್ಳುತ್ತಾರೆ. ಬೈಗುಳ ಜಾಸ್ತಿಯಾದಷ್ಟೂ ಸ್ನೇಹ ಗಟ್ಟಿ. ಯಾರಾದರೂ ಇನ್ನೊಬ್ಬನಿಗೆ ಮರ್ಯಾದೆಯಿಂದ 'ಹೇಗಿದ್ದೀಯ' ಎಂದು ಕೇಳಿದನೆಂದರೆ ಇವರ ನಡುವೆ ಬೇಲಿಯ ಜಗಳವೋ ಕುರಿಯ ಜಗಳವೋ ನಡೆದಿದೆ ಎಂದು ಊರೇ ತಿಳಿದುಕೊಳ್ಳುತ್ತದೆ. ಪ್ರತಿ ಸಲ ಆಲ್ವಿನ್ ಗಾಡಿ ಹತ್ತುವಾಗ ನಾನು ಹೇಳುತ್ತಿದ್ದ ಮಾತು ಒಂದೇ.

"ಇವತ್ತೂ ನಿನ್ನ ದರಿದ್ರ ಮುಖ ನೋಡ್ಕೊಂಡು ಎರಡು ಗಂಟೆ ಹಾಳು ಮಾಡ್ಕೋಬೇಕಾ?"

"ನಿನ್ನ ಪಕ್ಕ ಕೂತು ಕೂತು ನನ್ನ ಆಯಸ್ಸು ಅರ್ಧ ಆಯ್ತು, ಮುಚ್ಕೊಂಡು ಓಡ್ಸು," ಎಂದು ಅವನು ನಗುತ್ತಿದ್ದ.

ಅವನ ಹೆಂಡತಿ ಮಾವಿಸ್ ತೀರಿಕೊಂಡ ವಾರವೂ ನಮ್ಮ ಗುರುವಾರ ಬಂತು. ಬರುವುದಿಲ್ಲವೇನೋ ಅಂದುಕೊಂಡಿದ್ದೆ, ತನ್ನ ಗ್ಯಾರೇಜಿನ ಷೆಡ್ಡಿನ ಮುಂದೆ ಟೋಪಿ ಹಾಕಿಕೊಂಡು ನಿಂತಿದ್ದ. ಅಂದು ನಾವಿಬ್ಬರೂ ಹಾರ್ಷಮ್ ತಲುಪುವವರೆಗೆ ಒಂದು ಮಾತೂ ಆಡಲಿಲ್ಲ. ಬೇಕರಿಯಲ್ಲಿ ಅವನು ಎರಡು ಪೈ ತಿಂದ. "ಹಂದಿ," ಎಂದೆ ನಾನು. ಅವನು ತಲೆಯಾಡಿಸಿದ. ನನಗೆ ಅದಕ್ಕಿಂತ ಚೆನ್ನಾಗಿ ಸಮಾಧಾನ ಹೇಳಲು ಬರುತ್ತಿರಲಿಲ್ಲ, ಅವನಿಗೂ ಬೇರೇನೂ ಬೇಕಿರಲಿಲ್ಲ ಎಂದು ಈಗಲೂ ನಂಬಿದ್ದೇನೆ.

ಜಾಹೀರಾತಿನ ಮೇಲೆ ಬೆರಳೊತ್ತಿದ ಮಾರನೆಯ ದಿನವೇ ಲಾಯರ ಕಚೇರಿಯಿಂದ ಬ್ರೇಡನ್ ಎಂಬ ಹುಡುಗ ಫೋನು ಮಾಡಿದ. ನನ್ನ ನಾಮಕರಣಕ್ಕೆ ಬಂದು ಹೋಗಿದ್ದವನಂತೆ ಹೆಸರು ಹಿಡಿದೇ ಮಾತಾಡಿಸಿದ.

"ಹೇಳಿ ಲಿಂಡ್ಸೆ, ಗಾಡಿಯಿಂದ ನಿಮಗೆ ಏನೇನು ಯಾತನೆ ಆಗಿದೆ?"

"ಯಾತನೆ ಅನ್ನೋ ಹಂಗೇನಿಲ್ಲಪ್ಪ. ಸ್ವಲ್ಪ ಹೊಗೆ. ಎರಡು ವಾರಕ್ಕೊಂದ್ಸಲ ಹಾರ್ಷಮ್‌ವರೆಗೂ ಓಡಿಸ್ಕೊಂಡು ಬರ್ಬೇಕು."

ಆ ಕಡೆ ಟೈಪು ಮಾಡುವ ಸದ್ದು ಕೇಳಿಸಿತು. "ಎರಡು ವಾರಕ್ಕೊಮ್ಮೆ. ಬಲವಂತವಾಗಿ."

"ಬಲವಂತ ಅಂತಲ್ಲ. ಹೋಗದಿದ್ರೆ ಮಸಿ ಕಟ್ಕೊಳತ್ತೆ."

"ಅದನ್ನೇ ಕಾನೂನಲ್ಲಿ ಬಲವಂತ ಅನ್ನೋದು. ಒಬ್ರೇ ಹೋಗ್ತೀರಾ?"

"ಒಬ್ನೇ ಹೋಗಿದ್ರೆ ಸ್ವರ್ಗ ಆಗ್ತಿತ್ತು," ಎಂದು ನಕ್ಕೆ. "ಆಲ್ವಿನ್ ಅಂತ ನಮ್ಮ ಮೆಕ್ಯಾನಿಕ್ಕು ಜೊತೇಲಿ ಬರ್ತಾನೆ. ಎರಡು ಗಂಟೆ ಅವನನ್ನ ಸಹಿಸ್ಕೋಬೇಕಲ್ಲ, ಅದರ ಮುಂದೆ ಈ ಹೊಗೆ ಏನು ಮಹಾ."

ಟರಾನುಕ್‌ನಲ್ಲಿ ಯಾರ ಮುಂದೆ ಈ ಮಾತು ಹೇಳಿದ್ದರೂ ನಗುತ್ತಿದ್ದರು. ಆ ಕಡೆಯಿಂದ ಟೈಪಿನ ಸದ್ದು ಮಾತ್ರ ಬಂತು.

"ಹನ್ನೊಂದು ವರ್ಷ ಇದನ್ನ ಸಹಿಸಿಕೊಂಡಿದ್ದೀರಾ?"

"ಏನ್ಮಾಡೋದು, ಹಣೆಬರಹ. ಊರಲ್ಲಿ ಇನ್ನೊಬ್ಬ ಮೆಕ್ಯಾನಿಕ್ಕು ಎಲ್ಲಿದ್ದಾನೆ?"

"ಅಂದ್ರೆ ತಪ್ಪಿಸಿಕೊಳ್ಳೋ ದಾರಿ ಇರಲಿಲ್ಲ."

"ಎಲ್ಲಿ ತಪ್ಪಿಸ್ಕೊಳೋದು? ಗುರುವಾರ ಬಂದ್ರೆ ಸಾಕು, ಬಾಗಿಲಲ್ಲೇ ನಿಂತಿರ್ತಾನೆ ಭೂತದ ಥರ. ಆದ್ರೆ ಬೇಕರಿ ಪೈ ಮಾತ್ರ ಬಹಳ ಚೆನ್ನಾಗಿರತ್ತೆ."

"ಫಾರ್ಮಲ್ಲಿ ಅದಕ್ಕೆ ಜಾಗ ಇಲ್ಲ ಲಿಂಡ್ಸೆ," ಎಂದ ಬ್ರೇಡನ್, ಬಹಳ ಮರುಕದ ದನಿಯಲ್ಲಿ.

ನಾಲ್ಕು ದಿನಕ್ಕೆ, ನಾನು ಹೇಳಿದ್ದನ್ನೆಲ್ಲ ಬರೆದ ಹದಿನಾಲ್ಕು ಪುಟಗಳ ಪ್ರಮಾಣಪತ್ರ ಅಂಚೆಯಲ್ಲಿ ಬಂತು. ಮೊದಲ ಪುಟ ಓದಿದೆ, ನನ್ನ ಹೆಸರು ಸರಿಯಾಗಿತ್ತು. ಕೊನೆಯ ಪುಟ ಓದಿದೆ, ಸಹಿ ಎಲ್ಲಿ ಮಾಡಬೇಕೆಂದು ಬಾಣ ಹಾಕಿದ್ದರು.

"ಮಧ್ಯದ್ದು ಓದಿದ್ಯಾ?" ಎಂದಳು ವೆರ್ನಾ.

"ಮಧ್ಯದಲ್ಲಿ ಬರೀ ಕಾನೂನು."

ಪ್ರಮಾಣಪತ್ರಕ್ಕೆ ಸಾಕ್ಷಿಯ ಸೀಲು ಬೇಕಿತ್ತು. ನಮ್ಮೂರಲ್ಲಿ ಆ ಅಧಿಕಾರ ಇರುವುದು ಡಲ್ಸಿ ಹಾಬ್ಸ್‌ಗೆ. ಬೌಲ್ಸ್ ಕ್ಲಬ್ಬಿನ ಅಧ್ಯಕ್ಷೆಯೂ ಅವಳೇ. ಸೀಲನ್ನು ಅವಳು ಕೈಚೀಲದಲ್ಲೇ ಇಟ್ಟುಕೊಂಡು ಓಡಾಡುತ್ತಾಳೆ, ಸಂತೆಯಲ್ಲಿ ಎದುರಾದರೂ ಹೊಡೆದುಕೊಡುತ್ತಾಳೆ.

"ಒಳಗೇನಿದೆ ಅಂತ ನಾನು ಓದೋ ಹಂಗಿಲ್ಲ ಬ್ರೇಕು," ಎಂದು ಗಂಭೀರವಾಗಿ ಹೇಳಿದಳು. "ಸಹಿ ಮಾಡಿದ್ದು ನೀನೇ ಅಂತ ನೋಡೋದಷ್ಟೇ ನನ್ನ ಕರ್ತವ್ಯ. ಇದೆಲ್ಲ ನಿಜ ಅಂತ ಪ್ರಮಾಣ ಮಾಡ್ತೀಯಾ?"

"ಮಾಡ್ತೀನಿ."

ಡಲ್ಸಿ ಸೀಲು ಊದಿ, ಕುಟ್ಟಿದಳು. ಮೇಜಿನ ಮೇಲಿದ್ದ ಚಹಾದ ಕಪ್ಪು ಅಲುಗಾಡಿತು. ಓದುವ ಹಾಗಿಲ್ಲದವಳು ಸೀಲು ಹಾಕಿದ್ದನ್ನು ಓದದವನು ಅಂಚೆಗೆ ಹಾಕಿದ.

ಎರಡು ವಾರದಲ್ಲಿ ಮೆಲ್ಬರ್ನ್‌ನಿಂದ ಉತ್ತರ. ನನ್ನ ಹೇಳಿಕೆ ಕಚೇರಿಯ ಹಿರಿಯರ ಮನ ಕಲಕಿತಂತೆ. ಒಟ್ಟಾಗಿ ದಾವೆ ಹೂಡುತ್ತಿದ್ದ ನಲವತ್ತು ಸಾವಿರ ಗಾಡಿ ಮಾಲೀಕರ ಪೈಕಿ ಮಾದರಿ ಸಂತ್ರಸ್ತರೆಂದು ಆಯ್ದ ಆರು ಜನರಲ್ಲಿ ನಾನೂ ಒಬ್ಬನಂತೆ. ಶಾಲೆಯಲ್ಲಿ ಯಾವ ಬಹುಮಾನವನ್ನೂ ಪಡೆಯದ ಮನುಷ್ಯ ನಾನು. ಆ ಕಾಗದವನ್ನು ಮಡಚಿ ಅಂಗಿಯ ಜೇಬಿನಲ್ಲಿಟ್ಟುಕೊಂಡು ಊರೆಲ್ಲ ಒಂದು ಸುತ್ತು ಹಾಕಿದೆ.

ಶನಿವಾರ ಮಧ್ಯಾಹ್ನ ಕ್ಲಬ್ಬಿನಲ್ಲಿ ಎಲ್ಲರೂ ನನ್ನನ್ನು ಸುತ್ತಿಕೊಂಡರು. ಡೀಸೆಲ್ ಗಾಡಿ ಇಲ್ಲದ ಮನೆ ನಮ್ಮಲ್ಲಿ ಯಾವುದಿದೆ? ಆ ದಿನದವರೆಗೆ ತಮ್ಮ ತಮ್ಮ ಗಾಡಿಗಳನ್ನು ಹೊಗಳಿ ದಣಿಯದಿದ್ದವರು ಒಬ್ಬೊಬ್ಬರಾಗಿ ನರಳತೊಡಗಿದರು.

"ನನ್ನದು ಚಳಿಗಾಲದಲ್ಲಿ ಸ್ಟಾರ್ಟೇ ಆಗಲ್ಲ. ಮನಸ್ಸಿಗೆ ಎಷ್ಟು ನೋವಾಗತ್ತೆ ಗೊತ್ತಾ?" ಎಂದ ಪಬ್ಬಿನ ಯಜಮಾನ.

"ನಿನ್ನದು ಚಳಿಗಾಲದಲ್ಲಿ ಮಾತ್ರ. ನಾನು ಬೇಸಿಗೇಲೂ ನರಳ್ತೀನಿ," ಎಂದಳು ಡಲ್ಸಿ.

"ನಮ್ಮ ನಾಯಿಗೆ ಆ ಹೊಗೆಯಿಂದ ಕೆಮ್ಮು ಬಂದಿದೆ," ಎಂದರು ಇನ್ಯಾರೋ. ನಾಯಿಗೂ ಪರಿಹಾರ ಉಂಟೋ ಎಂದು ಬ್ರೇಡನ್‌ಗೆ ಫೋನು ಮಾಡಿ ಕೇಳಿದೆವು. ನಾಯಿಯ ಹೆಸರಿನಲ್ಲಿ ಬೇರೆ ಫಾರ್ಮು ತುಂಬಬೇಕಾಗಬಹುದು, ವಿಚಾರಿಸಿ ಹೇಳುತ್ತೇನೆ ಎಂದ. ಸಂಜೆಯಾಗುವುದರೊಳಗೆ ಮೂವತ್ತೇಳು ಜನ ಹೆಸರು ಬರೆಸಿದರು. ಡಲ್ಸಿಯ ಸೀಲಿಗೆ ಮಸಿ ಸಾಲದೆ ಬೀಟ್‌ರೂಟ್ ಡಬ್ಬಿಯ ನೀರಿನಲ್ಲಿ ಅದ್ದಿ ಹೊಡೆದಳು.

ಆಲ್ವಿನ್ ಒಬ್ಬನೇ ದೂರದಲ್ಲಿ ಒಲೆಯ ಹತ್ತಿರ ಎಲ್ಲರಿಗಾಗಿ ಸಾಸೇಜು ಮಗುಚುತ್ತ ನಿಂತಿದ್ದ. ನಾನು ಹತ್ತಿರ ಹೋದೆ.

"ಬಂದ್ರು ನೋಡು ಮಾದರಿ ಸಂತ್ರಸ್ತರು," ಎಂದ. "ಗೆದ್ರೆ ದುಡ್ಡು ಯಾರಿಗೆ?"

"ನಮಗೆ. ಮೊದ್ಲು ಲಾಯರ ಫೀಸು ಕಳೀತಾರೆ. ಆಮೇಲೆ ಕೇಸಿಗೆ ದುಡ್ಡು ಹಾಕಿರೋ ಕಂಪನಿ ಪಾಲು."

"ಆಮೇಲೆ?"

"ಉಳಿದಿದ್ದನ್ನ ನಲವತ್ತು ಸಾವಿರ ಜನಕ್ಕೆ ಹಂಚ್ತಾರೆ."

ಆಲ್ವಿನ್ ಒಂದು ಸಾಸೇಜಿನ ಸುಟ್ಟ ತುದಿಯನ್ನು ಮುರಿದು ನನ್ನ ಅಂಗೈಯಲ್ಲಿ ಇಟ್ಟ. "ಇದೇ ನಿನ್ನ ಪಾಲು. ಈಗ್ಲೇ ತಿನ್ನು, ಕೋರ್ಟಿಗೆ ಯಾಕೆ ಹೋಗ್ತೀಯ. ಆ ಲಾಯರಿಗೆ ನಮ್ಮ ಗಾಡಿ ಮೇಲೇನು ಕಾಳಜಿ ಇಲ್ಲ ಕಣೋ. ಅವನಿಗೆ ಬೇಕಾಗಿರೋದು ತಲೆ ಎಣಿಕೆ." ಆಮೇಲೆ ಇನ್ನೊಂದು ಸಾಸೇಜು ಮಗುಚುತ್ತ ಹೇಳಿದ, "ಹೋಗ್ಲಿ. ನಿಂಗೆ ನಾಲ್ಕು ಕಾಸು ಬಂದ್ರೆ ನಂಗೇನು ಹೊಟ್ಟೆಕಿಚ್ಚಾ? ಒಂದು ಟೋಪಿ ತಗೋ. ಆ ಬೋಳುತಲೆ ನೋಡೋಕಾಗಲ್ಲ."

ನನಗಾಗಿ ಅವನು ಆಡಿದ ಕೊನೆಯ ಬೈಗುಳ ಅದು. ಗೊತ್ತಿದ್ದರೆ ಇನ್ನಷ್ಟು ಹೊತ್ತು ನಿಂತು ಕೇಳಿಸಿಕೊಳ್ಳುತ್ತಿದ್ದೆ.

ಮುಂದಿನ ಗುರುವಾರ ನಾನು ಷೆಡ್ಡಿನ ಮುಂದೆ ಗಾಡಿ ನಿಲ್ಲಿಸಿದಾಗ ಆಲ್ವಿನ್ ಟೋಪಿ ಹಾಕಿಕೊಂಡಿರಲಿಲ್ಲ. ಕನ್ನಡಕ ಹಾಕಿಕೊಂಡು, ಕೈಯಲ್ಲಿ ಒಂದು ದಪ್ಪ ಲಕೋಟೆ ಹಿಡಿದಿದ್ದ. ಲಕೋಟೆಯ ಗುರುತು ನನಗೆ ಚೆನ್ನಾಗಿ ಗೊತ್ತಿತ್ತು.

"ನನ್ನನ್ನ ಸಾಕ್ಷಿ ಮಾಡಿದ್ದಾರೆ," ಎಂದ. "ನಿನ್ನ ಹೇಳಿಕೆ ಕಳಿಸಿದ್ದಾರೆ, ನಿಜನಾ ಅಂತ ಬರ್ದು ಕೊಡಬೇಕಂತೆ. ಹದಿನೇಳನೇ ಪ್ಯಾರಾ."

"ನಂಗೆ ನೆನಪಿಲ್ಲ ಮಾರಾಯ. ಹತ್ತು, ಹತ್ತು, ಹೊತ್ತಾಯ್ತು."

ಅವನು ಹತ್ತಲಿಲ್ಲ. ನಿಂತಲ್ಲೇ, ಶಾಲೆಯ ಹುಡುಗ ಪಾಠ ಓದುವಂತೆ, ಒಂದೊಂದೇ ಪದ ಓದಿದ.

"ಅರ್ಜಿದಾರರು ಹನ್ನೊಂದು ವರ್ಷ ಕಾಲ, ಎರಡು ವಾರಕ್ಕೊಮ್ಮೆ, ತಮ್ಮ ಇಚ್ಛೆಗೆ ವಿರುದ್ಧವಾಗಿ, ಆಲ್ವಿನ್ ಟ್ರೆವಿನ್ ಎಂಬ ಮೆಕ್ಯಾನಿಕ್‌ನ ಸಹವಾಸದಲ್ಲಿ ಎರಡು ಗಂಟೆ ಕಳೆಯಬೇಕಾಯಿತು. ಈ ಸಹವಾಸವು ಅರ್ಜಿದಾರರಿಗೆ ಗಾಡಿಯ ಹೊಗೆಗಿಂತಲೂ ಹೆಚ್ಚು ಯಾತನೆ ನೀಡಿತು. ಸದರಿ ವ್ಯಕ್ತಿಯು ಗುರುವಾರಗಳಂದು ಬಾಗಿಲಲ್ಲೇ ಕಾದು ನಿಲ್ಲುತ್ತಿದ್ದ ಕಾರಣ, ಹಾಗೂ ಊರಿನಲ್ಲಿ ಬೇರೆ ಮೆಕ್ಯಾನಿಕ್ ಇಲ್ಲದ ಕಾರಣ, ಅರ್ಜಿದಾರರಿಗೆ ಬಿಡುಗಡೆಯ ದಾರಿ ಇರಲಿಲ್ಲ."

ಅವನು ಪುಟ ಮಡಚಿದ. ಕಣಜದ ಮೇಲೆ ಕಾಕಟೂ ಹಕ್ಕಿಗಳು ಗಲಾಟೆ ಮಾಡುತ್ತಿದ್ದವು.

"ತಮಾಷೆ ಕಣೋ ಅದು," ಎಂದೆ. "ನಾನು ಯಾವಾಗ್ಲೂ ಹೇಳೋದೇ ಅಲ್ವಾ. ಆ ಹುಡುಗ ಹಂಗೇ ಬರ್ಕೊಂಡಿದ್ದಾನೆ."

"ಸಹಿ ನಿಂದೇ ಅಲ್ವಾ?"

"ನಂದೇ. ಆದ್ರೆ ಓದಿರ್ಲಿಲ್ಲ."

"ಡಲ್ಸಿ ಸೀಲು ಹೊಡೆದಿದ್ದಾಳೆ. ತಮಾಷೆಗೆ ಯಾರಾದ್ರೂ ಸೀಲು ಹೊಡೀತಾರಾ?" ಅವನ ದನಿಯಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದರೆ ನನಗೆ ಉತ್ತರ ಗೊತ್ತಿತ್ತು. "ನೀನು ಬಾಯಲ್ಲಿ ಹೇಳಿದಾಗೆಲ್ಲ ನಾನು ನಗ್ತಿದ್ದೆ. ಹನ್ನೊಂದು ವರ್ಷ ನಕ್ಕಿದ್ದೀನಿ."

"ಏನಂತ ಬರ್ದು ಕೊಡ್ತೀಯ?"

"ಸುಳ್ಳು ಅಂತ ಬರೆದ್ರೆ ನಿಂಗೇನಾಗತ್ತೆ?"

ಆಗ ನಾನು ಹೇಳಬೇಕಾದ ಮಾತು ಬೇರೆ ಇತ್ತು. ಅದನ್ನು ಬಿಟ್ಟು, ಕೊನೆಯ ಪುಟ ಓದಿದ್ದ ಜ್ಞಾನಿ ನಾನು, ಕೊನೆಯ ಪುಟದಲ್ಲಿದ್ದುದನ್ನೇ ಹೇಳಿದೆ. "ಸುಳ್ಳು ಪ್ರಮಾಣ ಮಾಡಿದ್ರೆ ಅಪರಾಧ ಅಂತೆ."

"ಹೌದಾ," ಎಂದ ಆಲ್ವಿನ್. "ಸರಿ ಹಾಗಾದ್ರೆ. ನಂಗೆ ಲಾರಿ ಕೆಲ್ಸ ಇದೆ." ಒಳಗೆ ಹೋದ. ನಾನು ಆರಿಸದೇ ಇದ್ದ ಗಾಡಿಯನ್ನು ತಿರುಗಿಸಿಕೊಂಡು ಮನೆಗೆ ವಾಪಸು ಬಂದೆ.

ವೆರ್ನಾ ಅಂದು ಮನೆಯಲ್ಲಿದ್ದ ನಕಲು ತೆಗೆದು ಮಧ್ಯದ ಪುಟಗಳನ್ನು ಓದಿದಳು. ಓದಿ ಮುಗಿಸಿ ಕಾಗದವನ್ನು ಮೇಜಿನ ಮೇಲೆ ಬಹಳ ಹುಷಾರಾಗಿ ಇಟ್ಟಳು. ಬೈಯುತ್ತಾಳೆಂದು ಕಾದೆ, ಬೈಯಲಿಲ್ಲ. ಈ ಮನೆಯಲ್ಲೂ ಮರ್ಯಾದೆ ಶುರುವಾಯಿತೇ ಎಂದು ನನಗೆ ಭಯವಾಯಿತು.

ಸುದ್ದಿ ಊರಿಗೆ ತಿಳಿಯಲು ಹೊತ್ತು ಬೇಕಾಗಲಿಲ್ಲ. ಬರುವವರೆಲ್ಲ ಒಂದೊಂದು ಉಪಾಯ ಹೇಳಿದರು.

"ತಪ್ಪಾಯ್ತು ಅಂತ ಇನ್ನೊಂದು ಪ್ರಮಾಣಪತ್ರ ಮಾಡು," ಎಂದಳು ಡಲ್ಸಿ. "ಇದಕ್ಕೆ ನಾನೇ ಬಂದು ಸೀಲು ಹಾಕ್ತೀನಿ. ಈ ಸಲ ಓದಿ ಹಾಕ್ತೀನಿ, ಕಾನೂನು ಏನಾದ್ರೂ ಹೇಳ್ಕೊಳ್ಲಿ."

"ಸೀಲಿಂದ ಕೆಟ್ಟಿದ್ದು ಸೀಲಿಂದ ಸರಿಹೋಗತ್ತಾ?" ಎಂದಳು ವೆರ್ನಾ.

"ಒಂದು ಪೆಟ್ಟಿಗೆ ಬಿಯರ್ ಕೊಂಡೊಯ್ದು ಬಾಗಿಲಲ್ಲಿ ಇಟ್ಟು ಬಾ. ಮಾತೇ ಆಡ್ಬೇಡ. ನಮ್ಮ ತಂದೆ ಕಾಲದಿಂದ ಅದೇ ಪದ್ಧತಿ," ಎಂದ ಪಬ್ಬಿನ ಯಜಮಾನ. ಈ ಸಲಹೆಯಲ್ಲಿ ಅವನಿಗೆ ಲಾಭವಿತ್ತಾದರೂ ನನಗೆ ಸರಿಯೆನಿಸಿತು. ಪೆಟ್ಟಿಗೆ ಕೊಂಡೊಯ್ದು ಷೆಡ್ಡಿನ ಬಾಗಿಲಲ್ಲಿಟ್ಟು, ಕಳ್ಳನಂತೆ ಓಡಿ ಬಂದೆ. ಹಳೆಯ ಆಲ್ವಿನ್ ಆಗಿದ್ದರೆ ಖಾಲಿ ಬಾಟಲಿಗಳನ್ನು ನನ್ನ ಅಂಗಳಕ್ಕೆ ಎಸೆದು, ಇಷ್ಟು ಅಗ್ಗದ ಬಿಯರ್ ತರಲು ನಾಚಿಕೆಯಾಗಲಿಲ್ಲವೇ ಎಂದು ಕೂಗಬೇಕಿತ್ತು.

ಮೂರನೆಯ ದಿನ ಅಂಚೆಯಲ್ಲಿ ಒಂದು ಕಾರ್ಡು ಬಂತು. ಮೇಲೆ ಹೂವಿನ ಚಿತ್ರ. ಒಳಗೆ ಆಲ್ವಿನ್‌ನ ಅಕ್ಷರ: 'ಪ್ರಿಯ ಲಿಂಡ್ಸೆ ಮತ್ತು ವೆರ್ನಾ, ನಿಮ್ಮ ಉಡುಗೊರೆಗೆ ಧನ್ಯವಾದಗಳು.' ನಮ್ಮಿಬ್ಬರ ಮನೆಗಳ ನಡುವೆ ಇನ್ನೂರು ಹೆಜ್ಜೆ, ಅವನು ಅಂಚೆಚೀಟಿ ಹಚ್ಚಿ ಕಳಿಸಿದ್ದ.

"ಕಾರ್ಡು ಕಳಿಸಿದ್ನಾ?" ಎಂದು ವೆರ್ನಾ ಕುರ್ಚಿಯಲ್ಲಿ ಕುಸಿದಳು. "ಹೂವಿನದ್ದು? ಅಯ್ಯೋ ಲಿಂಡ್ಸೆ."

ಮಾರನೆಯ ಬೆಳಿಗ್ಗೆಯೇ ಬ್ರೇಡನ್‌ಗೆ ಫೋನು ಮಾಡಿ, ನನ್ನ ಹೆಸರು ತೆಗೆದುಹಾಕು ಎಂದೆ.

"ಯಾಕೆ ಲಿಂಡ್ಸೆ? ಇಷ್ಟು ಗಟ್ಟಿ ಕೇಸು."

"ನಾನು ನರಳಿಲ್ಲಪ್ಪ. ಆ ಗುರುವಾರಗಳಲ್ಲಿ ನಾನು ಖುಷಿಯಾಗಿದ್ದೆ. ಅದನ್ನ ಬರ್ಕೋ."

"ಆದ್ರೆ ನೀವು ನರಳಿದ್ದೀರಿ ಅಂತ ನಿಮ್ಮ ಸಾಕ್ಷೀನೇ ಒಪ್ಕೊಂಡಿದ್ದಾರಲ್ಲ. ನಿನ್ನೆ ಬಂತು ಅವರ ಹೇಳಿಕೆ. ಎಂಥ ಒಳ್ಳೆ ಸಾಕ್ಷಿ ಗೊತ್ತಾ, ಆಫೀಸಲ್ಲಿ ಎಲ್ರೂ ಕೂತು ಓದಿದ್ವಿ. ನಾಲ್ಕೇ ಸಾಲು."

"ಓದು."

ಬ್ರೇಡನ್ ಗಂಟಲು ಸರಿಮಾಡಿಕೊಂಡು ಓದಿದ. "ಲಿಂಡ್ಸೆ ನಾಸ್ಕೆ ಸುಳ್ಳು ಹೇಳುವ ಮನುಷ್ಯ ಅಲ್ಲ. ಅವನು ಹಾಗೆ ಬರೆದಿದ್ದರೆ ಅದು ನಿಜವೇ ಇರಬೇಕು. ನನಗೆ ಗೊತ್ತಾಗಲಿಲ್ಲ. ಗೊತ್ತಾಗಿದ್ದರೆ ನಾನು ಹೋಗುತ್ತಿರಲಿಲ್ಲ."

ಫೋನು ಕೈಯಲ್ಲಿ ಹಾಗೇ ಹಿಡಿದು ವರಾಂಡದಲ್ಲಿ ನಿಂತೆ. ಬ್ರೇಡನ್ ಆ ಕಡೆಯಿಂದ ಲಿಂಡ್ಸೆ, ಲಿಂಡ್ಸೆ ಎನ್ನುತ್ತಿದ್ದ. ನನಗೆ ಅಳು ಬಂತು ಎಂದು ಹೇಳಿಬಿಡುತ್ತೇನೆ, ಇಷ್ಟು ವಯಸ್ಸಾದ ಮೇಲೆ ಮುಚ್ಚಿಡುವುದೇನು. ಸುಳ್ಳನ ಪಟ್ಟ ನನಗೆ ಬರಬಾರದೆಂದು ಅವನು ತನ್ನನ್ನೇ ಒಂದು ಪೀಡೆಯೆಂದು ಒಪ್ಪಿ ಸಹಿ ಮಾಡಿದ್ದ.

ನನ್ನ ಹೆಸರು ತೆಗೆಸಿದೆ. 'ಮಾದರಿ' ಸ್ಥಾನಕ್ಕೆ ಬೇರೆ ಯಾವನೋ ಬಂದ. ಉಳಿದ ಮೂವತ್ತೇಳು ಜನರ ನರಳಾಟಕ್ಕೆ ಒಂದೂವರೆ ವರ್ಷದ ಮೇಲೆ ತೀರ್ಮಾನವಾಯಿತು. ಕಾರು ಕಂಪನಿ ತಪ್ಪು ಒಪ್ಪಲಿಲ್ಲ, ದುಡ್ಡು ಕೊಡಲು ಮಾತ್ರ ಒಪ್ಪಿತು. ಪೇಪರಿನಲ್ಲಿ ದೊಡ್ಡ ಮೊತ್ತ ಬಂತು. ಕಳೆಯಬೇಕಾದ್ದನ್ನೆಲ್ಲ ಕಳೆದು ಡಲ್ಸಿಯ ಕೈಗೆ ಬಂದದ್ದರಲ್ಲಿ ಗಾಡಿಯ ಎರಡು ವೈಪರು ಬದಲಾಯಿಸಬಹುದಿತ್ತು. ಅವಳು ಒಂದನ್ನೇ ಬದಲಾಯಿಸಿದಳು. ನಾಯಿಯ ಬಗ್ಗೆ ಬ್ರೇಡನ್ ಇನ್ನೂ ವಿಚಾರಿಸುತ್ತಿದ್ದಾನೆ.

ಆದರೆ ನನ್ನ ಕಥೆ ಅಲ್ಲಿಯವರೆಗೆ ಹೋಗುವುದಿಲ್ಲ. ಹೆಸರು ತೆಗೆಸಿದ ಮೇಲಿನ ಗುರುವಾರಕ್ಕೆ ಮುಗಿಯುತ್ತದೆ. ಮೂರು ವಾರ ಹೆದ್ದಾರಿ ಕಾಣದ ಯೂಟ್ ಕೆಂಪು ದೀಪ ಉರಿಸಿಕೊಂಡು, ಬೀದಿ ತುಂಬ ಹೊಗೆ ಬಿಡುತ್ತ ಷೆಡ್ಡಿನ ಮುಂದೆ ಹೋಗಿ ನಿಂತಿತು.

"ಬಾ ಲಿಂಡ್ಸೆ," ಎಂದ ಆಲ್ವಿನ್. "ಚೆನ್ನಾಗಿದ್ದೀಯಾ? ವೆರ್ನಾ ಚೆನ್ನಾಗಿದ್ದಾಳಾ?" ಒಂದು ಕುರ್ಚಿಯನ್ನು ಬಟ್ಟೆಯಿಂದ ಒರೆಸಿ ನನಗೆ ಕೊಟ್ಟ. ಆ ಷೆಡ್ಡಿನಲ್ಲಿ ಕುರ್ಚಿಯಿದೆಯೆಂಬುದೇ ನನಗೆ ಗೊತ್ತಿರಲಿಲ್ಲ.

ನಾನು ಕೂರಲಿಲ್ಲ. ದಾರಿಯುದ್ದಕ್ಕೂ ಮಾತನ್ನು ಕಟ್ಟಿಕೊಂಡು ಬಂದಿದ್ದೆ. ನಮ್ಮ ಸೀಮೆಯ ಯಾವ ಗಂಡಸೂ ಇನ್ನೊಬ್ಬ ಗಂಡಸಿಗೆ ಹಗಲು ಹೊತ್ತಿನಲ್ಲಿ, ಕುಡಿಯದೆ, ಹೇಳಿರದಂಥ ಮಾತು.

"ಆಲ್ವಿನ್, ಆ ಗುರುವಾರಗಳು ನಂಗೆ ಬಹಳ ಇಷ್ಟ ಇತ್ತು. ಎರಡು ವಾರವೆಲ್ಲ ಅದಕ್ಕೇ ಕಾಯ್ತಿದ್ದೆ. ನಿನ್ನ ಜೊತೆ ಹೋಗೋದು ನಂಗೆ ಇಷ್ಟ ಇತ್ತು."

ಅವನ ಮುಖ ಕೆಂಪಾಯಿತು. ಕೈಯಲ್ಲಿದ್ದ ಬಟ್ಟೆಯನ್ನು ಎರಡು ಸಲ ಮಡಚಿದ. "ಪರವಾಗಿಲ್ಲ ಲಿಂಡ್ಸೆ," ಎಂದ ಮೆಲ್ಲಗೆ. "ನೀನು ಹಾಗೆಲ್ಲ ಹೇಳ್ಬೇಕಾಗಿಲ್ಲ. ನನಗೆ ಬೇಜಾರಾಗ್ಬಾರ್ದು ಅಂತ ಹೇಳ್ತಿದ್ದೀಯ. ಒಳ್ಳೆ ಮನಸ್ಸು ನಿಂದು."

ಹನ್ನೊಂದು ವರ್ಷ ಬೈದಾಗ ಅವನು ಅದರೊಳಗಿನ ನಿಜವನ್ನು ಕೇಳಿಸಿಕೊಂಡಿದ್ದ. ಈಗ ನಿಜವನ್ನೇ ಹೇಳಿದರೆ ಅವನಿಗೆ ಅದು ಬರೀ ಮರ್ಯಾದೆಯ ಮಾತಾಗಿ ಕೇಳಿಸಿತು. ಪೆಚ್ಚಾಗಿ ಆ ಕುರ್ಚಿಯಲ್ಲಿ ಕೂತೆ.

ಆಲ್ವಿನ್ ಬಾನೆಟ್ ಎತ್ತಿದ. ಆಮೇಲೆ ಒಳಗೆ ಹೋಗಿ, ಗೋಡೆಯ ಮೇಲಿನ ಹಲಗೆಯಿಂದ ಒಂದು ಚಿಕ್ಕ ರಟ್ಟಿನ ಡಬ್ಬಿ ಇಳಿಸಿ ಧೂಳು ಊದಿದ. ಒಂದು ಗಂಟೆಯೂ ಹಿಡಿಯಲಿಲ್ಲ. ಎಂಜಿನ್ ಚಾಲೂ ಮಾಡಿ, ತಲೆ ವಾಲಿಸಿ ಕೇಳಿದ. ಕೆಂಪು ದೀಪ ಆರಿತ್ತು.

"ಇನ್ಮೇಲೆ ಹಾರ್ಷಮ್‌ಗೆ ಹೋಗೋ ತಾಪತ್ರಯ ಇಲ್ಲ," ಎಂದ. "ಊರೊಳಗೇ ಓಡಿಸ್ಕೊಂಡಿರು. ಮಸಿ ತಾನೇ ಸುಟ್ಟುಕೊಳತ್ತೆ."

"ಏನು ಮಾಡ್ದೆ?"

"ಒಂದು ಸೆನ್ಸರು ಕೆಟ್ಟಿತ್ತು. ಬದಲಾಯಿಸ್ದೆ."

"ಯಾವಾಗ ಕೆಟ್ಟಿದ್ದು?"

"ಗಾಡಿ ಬಂದಾಗಿಂದ್ಲೂ ಅದೇ ತೊಂದ್ರೆ. ನಂಗೆ ಗೊತ್ತಾಗಿದ್ದು ಆಮೇಲೆ."

ಖಾಲಿ ಡಬ್ಬಿ ಬೆಂಚಿನ ಮೇಲಿತ್ತು. ಅಂಚೆಯ ಮುದ್ರೆಯಲ್ಲಿ ತಾರೀಕು ಇನ್ನೂ ಕಾಣುತ್ತಿತ್ತು. ಎಂಟು ವರ್ಷದ ಹಿಂದಿನದು. ಮಾವಿಸ್ ಸತ್ತ ಮರುವರ್ಷ.

ನಾನು ನೋಡಿದ್ದನ್ನು ಅವನು ನೋಡಿದ. ಡಬ್ಬಿಯನ್ನು ತೆಗೆದುಕೊಂಡು, ಚಪ್ಪಟೆ ಮಾಡಿ, ಕಸಕ್ಕೆ ಹಾಕಿದ.

"ತರಿಸಿಟ್ಟಿದ್ದೆ," ಎಂದ. "ಹಾಕೋಕೆ ಮನಸ್ಸು ಬಂದಿರ್ಲಿಲ್ಲ. ನಿಂಗೆ ಅಷ್ಟು ಕಷ್ಟ ಆಗ್ತಿದೆ ಅಂತ ಗೊತ್ತಿದ್ದಿದ್ರೆ ಆಗ್ಲೇ ಹಾಕಿಬಿಡ್ತಿದ್ದೆ. ಅದೊಂದು ತಪ್ಪು ನಂದು ಲಿಂಡ್ಸೆ, ಕ್ಷಮಿಸು."

ಅವನು ಗಾಡಿಯ ಬಾಗಿಲು ತೆಗೆದು ಹಿಡಿದ. ನಾನು ಹತ್ತಿದೆ. ಪಕ್ಕದ ಸೀಟನ್ನು ನೋಡದೆ ಕೀಲಿ ತಿರುಗಿಸಿದೆ.

"ಹುಷಾರಾಗಿ ಹೋಗು," ಎಂದ ಆಲ್ವಿನ್.

ಬೀದಿಗೆ ಇಳಿದು ಕನ್ನಡಿಯಲ್ಲಿ ಹಿಂದೆ ನೋಡಿದೆ. ಹನ್ನೊಂದು ವರ್ಷದಲ್ಲಿ ಮೊದಲ ಸಲ ಹೊಗೆ ಒಂದಿಷ್ಟೂ ಇರಲಿಲ್ಲ. ಷೆಡ್ಡಿನ ಬಾಗಿಲಲ್ಲಿ ಅವನು ನಿಂತಿದ್ದು ತಿರುವಿನವರೆಗೂ ನನಗೆ ಚೆನ್ನಾಗಿ ಕಾಣುತ್ತಿತ್ತು.